ಗರ್ಭಗುಡಿಯ ಹಿಂದಿನ ಖೋಲಿ

ಇಂಥ ಅನುಭವಗಳನ್ನು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಪ್ರಸಾದದ ಪುಳಿಯೋಗರೆ ತಿನ್ನುತ್ತ, ತೀರಿಹೋದ ಅತ್ತೆ ಕನಸಿನಲ್ಲಿ ಬಂದು ಕಳೆದುಹೋದ ಬೀಗದ ಕೈ ಎಲ್ಲಿದೆ ಎಂದು ತೋರಿಸಿದರು ಎನ್ನುವವರು ಇರುತ್ತಾರಲ್ಲ, ಅವರೆದುರು ನಾನು ಕಣ್ಣರಳಿಸಿ ತಲೆಯಾಡಿಸುತ್ತಿದ್ದೆ. ಕಾರು ಹತ್ತಿದ ಮೇಲೆ ಅವರ ದನಿಯಲ್ಲೇ ಅಣಕ ಮಾಡಿ ನಮ್ಮವರನ್ನು ನಗಿಸುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕುಳಿತಿದ್ದೇನೆ. ನೀವು ಓದಿ ನಕ್ಕರೆ ನನಗೆ ಬೇಸರವಿಲ್ಲ, ನಗುವ ಹಕ್ಕು ನಿಮಗಿದೆ.

ಮೊದಲು ನನ್ನ ಕೆಲಸ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಕಂಪ್ಯೂಟರಿನಲ್ಲಿ ಕಟ್ಟಡ ಕಟ್ಟುವವಳು. ಕ್ಯಾಂಪ್‌ಬೆಲ್‌ನಲ್ಲಿ ನಮ್ಮ ಮನೆಗೆ ಹತ್ತು ನಿಮಿಷದ ದೂರದಲ್ಲಿ ಒಂದು ಪುಟ್ಟ ಸ್ಟುಡಿಯೋ ಇತ್ತು. ಮ್ಯೂಸಿಯಮ್ಮುಗಳಿಗಾಗಿ ಹಳೆಯ ಕಾಲದ ಕಟ್ಟಡಗಳನ್ನು ಅವು ಹೊಸದಾಗಿದ್ದಾಗ ಹೇಗಿದ್ದವೋ ಹಾಗೆ ಮಾಡಿಕೊಡುವುದು ನಮ್ಮ ಕಸುಬು. ನೋಡುವವರು ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡರೆ ಆ ಕಟ್ಟಡದೊಳಗೇ ಓಡಾಡಿದಂತಾಗುತ್ತದೆ. ನಾಲ್ಕು ವರ್ಷದ ಹಿಂದೆ ನಮ್ಮ ಕೈಗೆ ಬಂದದ್ದು ಈಜಿಪ್ಟಿನ ಒಂದು ದೇವಾಲಯ, ನೈಲ್ ನದಿಯ ದಂಡೆಯ ಮೇಲಿನದು. ಹೆಸರು ಎಲ್ಲೂ ಹೇಳುವುದಿಲ್ಲವೆಂದು ಸಹಿ ಮಾಡಿಕೊಟ್ಟಿದ್ದೇನೆ. ಕಂಪನಿ ಮುಚ್ಚಿಹೋದರೂ ಸಹಿ ಸಹಿಯೇ.

ಈಜಿಪ್ಟಿನ ದೇವಾಲಯ ಎಂದರೆ ನಮ್ಮ ಕಣ್ಣಿಗೆ ಬರುವುದು ಮರಳಿನ ಬಣ್ಣದ ಮುರುಕು ಕಂಬಗಳು. ನಾನೂ ಹಾಗೆಂದುಕೊಂಡೇ ಶುರು ಮಾಡಿದೆ. ನಮಗೆ ಸಲಹೆ ಕೊಡುತ್ತಿದ್ದ ಪ್ರೊಫೆಸರ್ ಮೇಡಂ ಕೈರೋದವರು. ಮೊದಲ ಮೀಟಿಂಗಿನಲ್ಲೇ ಅವರು ನಾನು ಬಳಿದಿದ್ದ ಕಂದು ಬಣ್ಣವನ್ನೆಲ್ಲ ಅಳಿಸಿಹಾಕಿಸಿದರು. ಹೊಸದಾಗಿದ್ದಾಗ ಆ ಗೋಡೆಗಳಿಗೆ ಬಿಳಿ ಗಾರೆಯಿತ್ತಂತೆ. ಅದರ ಮೇಲೆ ಕೆತ್ತಿದ ದೇವರು, ರಾಜ, ಹಕ್ಕಿ, ತಾವರೆ ಎಲ್ಲಕ್ಕೂ ಕೆಂಪು, ಹಳದಿ, ಹಸಿರು, ನೀಲಿ. ಮುಂಬಾಗಿಲಿನ ಎರಡೂ ಬದಿಗೆ ಒಳಮುಖವಾಗಿ ವಾಲಿದ ಎತ್ತರದ ಗೋಪುರಗಳು, ಅವುಗಳ ಮುಂದೆ ದೇವದಾರು ಮರದ ಕಂಬಗಳು, ಕಂಬದ ತುದಿಯಲ್ಲಿ ಬಣ್ಣಬಣ್ಣದ ಬಾವುಟ. ದೂರದಿಂದ ನೋಡಿದವರಿಗೆ ಮದುವೆ ಮನೆಯ ಹಾಗೆ ಕಂಡಿರಬೇಕು.

ಒಳಗೆ ಹೋಗುವ ಕ್ರಮ ಇನ್ನೂ ಚೆನ್ನ. ಮೊದಲು ಬಿಸಿಲು ತುಂಬಿದ ಅಂಗಳ. ಆಮೇಲೆ ಕಂಬಗಳು ಕಿಕ್ಕಿರಿದ ದೊಡ್ಡ ಮಂಟಪ. ಅಲ್ಲಿ ಬೆಳಕು ಮೇಲಿನ ಕಲ್ಲಿನ ಜಾಲಂಧ್ರಗಳಿಂದ ಪಟ್ಟೆಪಟ್ಟೆಯಾಗಿ ಬೀಳುತ್ತದೆ. ಮುಂದೆ ಒಂದೊಂದು ಬಾಗಿಲು ದಾಟಿದಂತೆ ನೆಲ ಸ್ವಲ್ಪ ಮೇಲೇರುತ್ತದೆ, ಚಾವಣಿ ಸ್ವಲ್ಪ ಕೆಳಗಿಳಿಯುತ್ತದೆ, ಬೆಳಕು ಕಡಿಮೆಯಾಗುತ್ತದೆ. ಕೊನೆಗೆ, ನಾವು ಗರ್ಭಗುಡಿ ಎನ್ನಬಹುದಾದ ಕೋಣೆಯಲ್ಲಿ, ಕಲ್ಲಿನ ಗೂಡಿನೊಳಗೆ ದೇವರು, ಸುತ್ತ ಪೂರ್ತಿ ಕತ್ತಲೆ. ಧಾರವಾಡದ ಹುಡುಗಿಯಾದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಹೋದ್ಯೋಗಿಗಳಿಗೆ ನಾನೇ ಹೇಳಿಕೊಟ್ಟು ಸ್ವಲ್ಪ ಜಂಬಪಟ್ಟೆ.

ಗರ್ಭಗುಡಿಯ ಸುತ್ತ ಒಂದು ಓಣಿಯಿತ್ತು, ಹಿಂದುಗಡೆ ಒಂದೆರಡು ಕೋಣೆಗಳಿದ್ದವು. ಸಾವಿರಾರು ವರ್ಷದ ಹೊಗೆಯ ಮಸಿ ಹಿಡಿದು ಆ ಕೋಣೆಗಳ ಗೋಡೆಯ ಮೇಲೆ ಏನಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಕಟ್ಟುವುದು ಬೇಡ ಎಂದು ತೀರ್ಮಾನವಾಯಿತು. ನಮ್ಮ ಕಸುಬಿನಲ್ಲಿ ಅದು ಮಾಮೂಲು. ಜನ ನೋಡುವಷ್ಟನ್ನು ಕಟ್ಟಿ, ಅದರಾಚೆಗೆ ಬರೀ ಬೂದು ಬಣ್ಣ ಬಿಟ್ಟು, ಯಾರೂ ಅತ್ತ ಹೋಗದಂತೆ ಕಣ್ಣಿಗೆ ಕಾಣದ ಒಂದು ತಡೆ ಹಾಕುತ್ತೇವೆ. ಬಲಗಡೆಯ ಓಣಿಗೆ ತಡೆ ಹಾಕಿದ್ದೆ. ಎಡಗಡೆಗೆ ಹಾಕುವುದನ್ನು ಮರೆತಿದ್ದೆ. ನಮ್ಮಲ್ಲಿ ಹತ್ತಾರು ಜನ ಆ ದೇವಾಲಯವನ್ನು ಪರೀಕ್ಷೆ ಮಾಡಿದ್ದರು. ಎಲ್ಲರೂ ಗರ್ಭಗುಡಿಯ ಎದುರು ನಿಂತು, ವಾವ್ ಎಂದು, ಬಂದ ದಾರಿಯಲ್ಲೇ ತಿರುಗಿ ಬಂದಿದ್ದರು. ನನ್ನ ತಪ್ಪು ಯಾರಿಗೂ ಗೊತ್ತಾಗಿರಲಿಲ್ಲ.

ಇನ್ನು ನಮ್ಮವರ ವಿಷಯ. ಅವರು ಹುಬ್ಬಳ್ಳಿಯವರು, ಇಲ್ಲಿ ಚಿಪ್ ಕಂಪನಿಯಲ್ಲಿ ಇಂಜಿನಿಯರಾಗಿದ್ದರು. ನಲವತ್ತರ ಹೊತ್ತಿಗೆ ಕತ್ತಲಲ್ಲಿ ತಡವರಿಸತೊಡಗಿದರು. ಸಿನಿಮಾ ಥಿಯೇಟರಿನಲ್ಲಿ ನನ್ನ ಭುಜ ಹಿಡಿದು ನಡೆಯುವುದು ಪ್ರೀತಿಯೆಂದುಕೊಂಡಿದ್ದೆ, ಅದು ರೋಗ ಎಂದು ಆಮೇಲೆ ತಿಳಿಯಿತು. ಕಣ್ಣಿನ ಪರದೆ ಅಂಚಿನಿಂದ ಒಳಕ್ಕೆ ಒಣಗುತ್ತ ಬರುವ, ವಂಶದಲ್ಲಿ ಬರುವ ರೋಗವದು. ಔಷಧಿಯಿಲ್ಲ. ಮೊದಲು ಫ್ರೀವೇಯಲ್ಲಿ ಗಾಡಿ ಓಡಿಸುವುದು ನಿಂತಿತು, ಆಮೇಲೆ ಗಾಡಿಯೇ ನಿಂತಿತು, ಆಮೇಲೆ ಆಫೀಸು ನಿಂತಿತು. ನಾನು ಹೇಳುತ್ತಿರುವ ಹೊತ್ತಿಗೆ ಅವರು ಜಗತ್ತನ್ನು ಬಳೆಯ ತೂತಿನಿಂದ ನೋಡಿದ ಹಾಗೆ ನೋಡುತ್ತಿದ್ದರು. ನನ್ನ ಮುಖ ಕಂಡರೆ ಕೈ ಕಾಣದು, ಕೈ ಕಂಡರೆ ಮುಖ ಕಾಣದು. ಇದೂ ಹೆಚ್ಚೆಂದರೆ ಒಂದು ವರ್ಷ ಎಂದು ಡಾಕ್ಟರು ಹೇಳಿದ್ದರು.

ನನಗೆ ಆ ದಿನಗಳಲ್ಲಿ ಇದ್ದದ್ದು ಒಂದೇ ಹಠ. ಆ ಕಣ್ಣು ಪೂರ್ತಿ ಆರುವುದರೊಳಗೆ ನಾನು ಕಟ್ಟಿದ್ದನ್ನು ಅವರು ಒಮ್ಮೆ ಬಣ್ಣಬಣ್ಣದಲ್ಲಿ ನೋಡಬೇಕು. ಮನೆಯವರಿಗೂ ತೋರಿಸಬಾರದೆಂದು ನಿಯಮವಿತ್ತು. ಒಂದು ಶುಕ್ರವಾರ ನಿಯಮವನ್ನು ಬದಿಗಿಟ್ಟು ಲ್ಯಾಪ್‌ಟಾಪ್, ಹೆಡ್‌ಸೆಟ್ ಎರಡನ್ನೂ ಚೀಲದಲ್ಲಿ ತುಂಬಿ ಮನೆಗೆ ತಂದೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಮಾಡಿದ ಕಳ್ಳತನ ಅದೊಂದೇ.

ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಹಾಲಿನ ಟೀಪಾಯಿ ಸರಿಸಿ ಕಾರ್ಪೆಟ್ಟಿನ ಮೇಲೆ ಜಾಗ ಮಾಡಿದೆ. ಹೊರಗೆ ಚೆನ್ನಾಗಿ ಬಿಸಿಲಿತ್ತು, ಪಕ್ಕದ ಮನೆಯವರು ಹುಲ್ಲು ಕತ್ತರಿಸುತ್ತಿದ್ದರು. ನಮ್ಮವರ ಕಣ್ಣಿಗೆ ಹೆಡ್‌ಸೆಟ್ ಕಟ್ಟಿದೆ. ಅವರಿಗೆ ಕಾಣುವುದೆಲ್ಲ ಲ್ಯಾಪ್‌ಟಾಪಿನ ಪರದೆಯ ಮೇಲೆ ನನಗೂ ಕಾಣುತ್ತದೆ, ಹಾಗಾಗಿ ನಾನು ಅವರ ಬಳಿಯೇ ಕುರ್ಚಿ ಹಾಕಿಕೊಂಡು ಕುಳಿತೆ. ಮುಂಬಾಗಿಲಿನ ಬಾವುಟಗಳನ್ನು ನೋಡಲು ಅವರು ತಲೆಯನ್ನು ಅತ್ತಿತ್ತ ಎಷ್ಟು ತಿರುಗಿಸಬೇಕಾಯಿತೆಂದರೆ ನನಗೆ ಸಂಕಟವಾಯಿತು. ಅವರಿಗೆ ಮಾತ್ರ ಖುಷಿಯೋ ಖುಷಿ.

"ಈ ಬಣ್ಣಾ ಎಲ್ಲಾ ಖರೇನ ಇದ್ವೇನು? ಹಂಗಾದ್ರ ನಮ್ಮ ಪಟ್ಟದಕಲ್ಲಿನ ಗುಡಿಗೋಳೂ ಹಿಂಗ ಇದ್ದಿರಬೇಕಲ್ಲ. ನಾವು ಬರೇ ಕಲ್ಲ ನೋಡಿ ಬಂದ್ವಿ" ಎಂದರು.

ಅಂಗಳ ದಾಟಿ, ಕಂಬಗಳ ನಡುವೆ ನುಸುಳಿ, ಗರ್ಭಗುಡಿಗೆ ಬಂದರು. ಒಳಗೆ ಕತ್ತಲೆ, ಅವರಿಗೆ ಏನೂ ಕಾಣುವುದಿಲ್ಲವೆಂದು ಗೊತ್ತಿದ್ದೂ ಅಷ್ಟು ಕತ್ತಲು ಮಾಡಿಟ್ಟಿದ್ದಕ್ಕೆ ನನ್ನನ್ನೇ ಬೈದುಕೊಂಡೆ. ಅವರು ಮುಂದೆ ಹೋಗಲು ಗುಂಡಿ ಒತ್ತುವ, ಎರಡೂ ಕೈಯಲ್ಲಿ ಹಿಡಿದಿದ್ದ ಕಂಟ್ರೋಲರುಗಳ ಸಮೇತ ಕೈ ಮುಗಿದರು. ನನಗೆ ನಗು ಬಂತು. ಆಮೇಲೆ, ಯಾವ ದೇವಸ್ಥಾನದಲ್ಲಾದರೂ ನಾವು ಮಾಡುವಂತೆ, ದೇವರನ್ನು ಬಲಕ್ಕಿಟ್ಟುಕೊಂಡು ಎಡಗಡೆಯಿಂದ ಪ್ರದಕ್ಷಿಣೆಗೆ ಹೊರಟರು.

ಆಗ ನನಗೆ ನನ್ನ ಮರೆವು ನೆನಪಾಯಿತು. "ರೀ, ಆ ಕಡೆ ಏನಿಲ್ಲ, ಹೋಗಬ್ಯಾಡ್ರಿ" ಎನ್ನುವಷ್ಟರಲ್ಲಿ ಅವರು ಓಣಿ ದಾಟಿಬಿಟ್ಟಿದ್ದರು. ನನ್ನ ಪರದೆಯ ಮೇಲೆ ಬರೀ ಬೂದು. ಗೋಡೆಯಿಲ್ಲ, ಚಾವಣಿಯಿಲ್ಲ, ಮಂಜು ಕವಿದ ಹಾಗೆ ಒಂದೇ ಸಮನೆ ಬೂದು.

ಅವರು ನಿಂತರು. ಬಲಗಾಲನ್ನು ಎತ್ತಿ ಇಟ್ಟರು, ಎಡಗಾಲನ್ನು ಎತ್ತಿ ಇಟ್ಟರು. ಸಮತಟ್ಟಾದ ಕಾರ್ಪೆಟ್ಟಿನ ಮೇಲೆ ಮೆಟ್ಟಿಲು ಹತ್ತುವವರ ಹಾಗೆ ನಾಲ್ಕು ಸಲ ಕಾಲೆತ್ತಿದರು. ತಮಾಷೆ ಮಾಡುತ್ತಿದ್ದಾರೆಂದೇ ನಾನು ತಿಳಿದೆ.

"ಇಲ್ಲೊಂದು ಖೋಲಿ ಮಾಡೀಯಲ್ಲ, ನನಗ ಹೇಳೇ ಇಲ್ಲ" ಎಂದರು.

"ಎಲ್ಲಿ?"

"ಗುಡೀ ಹಿಂದ. ಅಬ್ಬಾ, ಎಂಥಾ ನೀಲಿ ಹಚ್ಚೀಯೇ ಇದಕ್ಕ! ಮ್ಯಾಲೆಲ್ಲಾ ಹಳದಿ ಚುಕ್ಕಿ."

ನಾನು ಪರದೆ ನೋಡಿದೆ, ಅವರನ್ನು ನೋಡಿದೆ. ಅವರು ತಲೆಯನ್ನು ತಿರುಗಿಸುತ್ತಿರಲಿಲ್ಲ. ಐದಾರು ವರ್ಷದಿಂದ ಹಕ್ಕಿಯ ಹಾಗೆ ಕತ್ತು ಆಡಿಸದೆ ಒಂದು ತಟ್ಟೆಯನ್ನೂ ಪೂರ್ತಿ ನೋಡಲಾಗದಿದ್ದ ಮನುಷ್ಯ ನೆಟ್ಟಗೆ ನಿಂತು ಎದುರಿಗೆ ನೋಡುತ್ತಿದ್ದರು. ಆಮೇಲೆ ಬಹಳ ಮೆಲ್ಲಗೆ ಅಂದರು: "ಎರಡೂ ಕಡೀ ಗೋಡಿ ಒಮ್ಮೆಲೆ ಕಾಣ್ತಾವಲ್ಲ."

ನಾನು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡೆ. ಅವರೇ ಹೇಳುತ್ತ ಹೋದರು. ಎದುರಿನ ಗೋಡೆಯ ಮೇಲೆ ಒಬ್ಬ ಹೆಂಗಸು ನಿಂತಿದ್ದಾಳೆ, ನಮ್ಮಷ್ಟೇ ಎತ್ತರ, ಕೆಂಪು ಸೀರೆಯಂಥದ್ದು ಉಟ್ಟಿದ್ದಾಳೆ, ಎಂದರು. ಚಾವಣಿಯ ಒಂದು ಮೂಲೆಗೆ ಕೈ ತೋರಿಸಿ ನಕ್ಕರು. "ಈ ಮೂಲ್ಯಾಗಿನ ಚುಕ್ಕಿಗೆ ಬಣ್ಣಾ ತುಂಬೂದ ಮರತೀಯೇನು? ಬರೇ ಕೆಂಪು ಗೀಟ ಎಳದು ಬಿಟ್ಟೀದಿ. ಒಂದು, ಎರಡು..." ಎಂದು ಎಣಿಸಿ, "ಒಂಬತ್ತು" ಎಂದರು.

ಅದೆಷ್ಟು ಹೊತ್ತು ಹಾಗೆ ನಿಂತಿದ್ದರೋ. ಪಕ್ಕದ ಮನೆಯ ಹುಲ್ಲಿನ ಯಂತ್ರ ನಿಂತದ್ದು ನನಗೆ ನೆನಪಿದೆ. ಅವರಾಗಿಯೇ ಹೆಡ್‌ಸೆಟ್ ತೆಗೆದಾಗ ಕಣ್ಣಿನ ಸುತ್ತ ಒದ್ದೆಯಾಗಿತ್ತು. ನಾನಿದ್ದ ಕಡೆ ಕೈ ಚಾಚಿ ನನ್ನ ಕೈ ಹಿಡಿದು, "ಇದನ್ನ ನನಗಂತನ ಮಾಡೀಯೇನು?" ಎಂದು ಕೇಳಿದರು.

ನಾನು ಹೂಂ ಎಂದೆ. ಆ ಮುಖ ನೋಡಿದ ಯಾರೇ ಆದರೂ ಹೂಂ ಎನ್ನುತ್ತಿದ್ದರು ಎಂದು ಈಗಲೂ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಅವರು ಮಧ್ಯಾಹ್ನದ ನಿದ್ದೆಗೆ ಹೋದ ಮೇಲೆ ನಾನೇ ಹೆಡ್‌ಸೆಟ್ ಹಾಕಿಕೊಂಡು ಅದೇ ಓಣಿಯಲ್ಲಿ ಹೋದೆ. ಬೂದು. ಮೂರು ಸಲ ಹೋದೆ, ಮೂರು ಸಲವೂ ಬೂದು.

ಆ ವಾರವೇ ಕಣ್ಣಿನ ಡಾಕ್ಟರ ಬಳಿ ಹೋಗುವುದಿತ್ತು. ನಮ್ಮವರು ಪರೀಕ್ಷೆಯ ಕೋಣೆಯಲ್ಲಿದ್ದಾಗ ನಾನು ಡಾಕ್ಟರನ್ನು ಬದಿಗೆ ಕರೆದು ಎಲ್ಲ ಹೇಳಿದೆ. ಅವರು ಒಳ್ಳೆಯ ಮನುಷ್ಯ, ನಗಲಿಲ್ಲ. ಕಣ್ಣು ಕಳೆದುಕೊಳ್ಳುತ್ತಿರುವವರಿಗೆ ಹೀಗಾಗುವುದುಂಟು, ಕಣ್ಣಿನಿಂದ ಸುದ್ದಿ ಬರುವುದು ಕಡಿಮೆಯಾದರೆ ಮೆದುಳು ತಾನೇ ಚಿತ್ರ ಬರೆದುಕೊಳ್ಳುತ್ತದೆ, ಹೂವು ಮನುಷ್ಯರು ಮನೆಗಳು ಎಲ್ಲ ಕಾಣುತ್ತವೆ, ಹುಚ್ಚಲ್ಲ, ಹೆದರಬೇಡಿ ಎಂದರು. ನನಗೆ ಹೋದ ಜೀವ ಬಂದ ಹಾಗಾಯಿತು. ಇಷ್ಟೇ ತಾನೆ, ಪಾಪ ಅವರ ಮೆದುಳು ಹೆಂಡತಿಯ ಅರೆಬರೆ ಕೆಲಸವನ್ನು ಮುಗಿಸಿಕೊಟ್ಟಿದೆ ಎಂದು ಸುಮ್ಮನಾದೆ. ಅಲ್ಲಿಗೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಹನ್ನೊಂದು ದಿನದ ಮೇಲೆ ಪ್ರೊಫೆಸರ್ ಮೇಡಂ ಅವರಿಂದ ನಮ್ಮ ತಂಡದವರೆಲ್ಲರಿಗೂ ಒಂದು ಇಮೇಲ್ ಬಂತು. ದೇವಾಲಯದ ಹಿಂದಿನ ಕೋಣೆಗಳ ಮಸಿ ತೆಗೆಯುವ ಕೆಲಸ ಶುರುವಾಗಿದೆಯಂತೆ. ಒಂದು ಕೋಣೆಯ ಚಾವಣಿಯ ಮೂಲೆಯಷ್ಟೇ ಈವರೆಗೆ ಸ್ವಚ್ಛವಾಗಿದೆ, ಅದರ ಮೊದಲ ಫೋಟೋ ಹೊರಗೆ ಯಾರಿಗೂ ತೋರಿಸದೆ ನಿಮಗೆ ಕಳಿಸಿದ್ದೇನೆ, ನೋಡಿ ಸಂತೋಷಪಡಿ ಎಂದು ಬರೆದಿದ್ದರು. ನೀಲಿ ಹಿನ್ನೆಲೆ, ಹಳದಿ ನಕ್ಷತ್ರಗಳ ಸಾಲು. ಅಂಥ ಚಾವಣಿಗಳು ಆ ಕಾಲದ ದೇವಾಲಯಗಳಲ್ಲಿ ಬೇಕಾದಷ್ಟಿವೆ, ಅದರಲ್ಲಿ ಬೆಚ್ಚಿಬೀಳುವಂಥದೇನಿಲ್ಲ. ಆದರೆ ಮೂಲೆಯಲ್ಲಿ ಕೆಲವು ನಕ್ಷತ್ರಗಳಿಗೆ ಬಣ್ಣ ತುಂಬಿರಲಿಲ್ಲ. ಬರೀ ಕೆಂಪು ಗೆರೆ. ಬಣ್ಣ ಹಚ್ಚುವವನು ಯಾವುದೋ ಕಾರಣಕ್ಕೆ ಅಷ್ಟಕ್ಕೇ ಎದ್ದು ಹೋಗಿದ್ದಾನೆ ಎಂದು ಮೇಡಂ ತಮಾಷೆಯಾಗಿ ಬರೆದಿದ್ದರು. ನಾನು ಬೆರಳಿಟ್ಟು ಎಣಿಸಿದೆ. ಒಂಬತ್ತು.

ಯಾರಿಗೆ ಹೇಳುವುದು? ಸ್ಟುಡಿಯೋದಲ್ಲಿ ಹೇಳಿದರೆ ಲ್ಯಾಪ್‌ಟಾಪ್ ಮನೆಗೆ ಒಯ್ದದ್ದು ಹೊರಬೀಳುತ್ತದೆ. ಮೇಡಂಗೆ ಹೇಳಿದರೆ ನನ್ನನ್ನು ಏನೆಂದು ತಿಳಿದಾರು? ಸ್ಯಾನ್ ಡಿಯೇಗೋದಲ್ಲಿ ಓದುತ್ತಿದ್ದ ಮಗಳು ಅದಿತಿಗೆ ಫೋನ್ ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. "ಅಮ್ಮಾ, ಇಟ್ಸ್ ಅ ಕೋಇನ್ಸಿಡೆನ್ಸ್. ಯೂ ಆರ್ ಸೋ ಟಯರ್ಡ್" ಎಂದಳು. ಆಮೇಲೆ, "ಅಪ್ಪಂಗೆ ಹೇಳಿದ್ಯಾ?" ಎಂದು ಕೇಳಿದಳು. ಇಲ್ಲವೆಂದೆ. "ಡೋಂಟ್" ಎಂದಳು.

ನಾನು ಹೇಳಲಿಲ್ಲ. ಹೇಳಿದರೆ ಆ ಕೋಣೆಯನ್ನು ಅವರ ಕೈಯಿಂದ ಕಿತ್ತುಕೊಂಡ ಹಾಗೆ. ಆ ವರ್ಷದ ಚಳಿಗಾಲಕ್ಕೆ ಬಳೆಯ ತೂತು ಸೂಜಿಯ ಕಣ್ಣಾಯಿತು, ಆಮೇಲೆ ಅದೂ ಮುಚ್ಚಿತು. ಒಂದು ಬೆಳಿಗ್ಗೆ ದೀಪ ಹಾಕು ಎಂದರು, ದೀಪ ಉರಿಯುತ್ತಲೇ ಇತ್ತು. ಆ ಕೋಣೆಯ ನಂತರವೂ ಅವರು ಕೆಲವು ತಿಂಗಳು ನನ್ನ ಮುಖ, ಮಗಳ ಮುಖ, ತಟ್ಟೆಯ ಅನ್ನ ಎಲ್ಲ ತುಂಡುತುಂಡಾಗಿ ನೋಡಿದ್ದಾರೆ, ನಿಜ. ಆದರೆ ಇಡಿಯಾಗಿ ನೋಡಿದ್ದು ಅದನ್ನೇ ಕೊನೆಯದಾಗಿ. ಇದು ನನ್ನ ಮಾತಲ್ಲ, ಅವರದೇ.

ಸ್ಟುಡಿಯೋ ಮರುವರ್ಷ ಮುಚ್ಚಿತು. ಮ್ಯೂಸಿಯಮ್ಮಿನವರು ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿದರು. ಒಂದು ಸೋಮವಾರ ಎಲ್ಲರೂ ಲ್ಯಾಪ್‌ಟಾಪ್ ಒಪ್ಪಿಸಿ ಮನೆಗೆ ಬಂದೆವು. ನನ್ನ ಬಿಳಿ ಗೋಪುರ, ಬಾವುಟ, ಕಂಬಗಳು ಈಗ ಯಾವ ಸರ್ವರಿನಲ್ಲಿವೆಯೋ, ಇವೆಯೋ ಇಲ್ಲವೋ ನನಗೆ ತಿಳಿಯದು. ಮೇಡಂಗೆ ಎರಡು ಸಲ ಬರೆದು ಆ ಕೋಣೆಯ ಉಳಿದ ಗೋಡೆಗಳ ಬಗ್ಗೆ ಕೇಳಿದೆ. ಹಣ ನಿಂತು ಸ್ವಚ್ಛತೆಯ ಕೆಲಸವೂ ನಿಂತಿದೆ, ಆ ಗೋಡೆ ಇನ್ನೂ ಕಪ್ಪಾಗಿಯೇ ಇದೆ ಎಂದು ಉತ್ತರ ಬಂತು.

ನಮ್ಮವರು ಮಾತ್ರ ಮನೆಗೆ ಯಾರೇ ಬಂದರೂ ಆ ಕೋಣೆಯ ಸುದ್ದಿ ತೆಗೆಯುತ್ತಿದ್ದರು. "ನಮ್ಮಾಕಿ ನನಗಂತನ ಒಂದು ಖೋಲಿ ಮಾಡಿದ್ಲು" ಎಂದು ಶುರುಮಾಡಿ ನೀಲಿ, ಚುಕ್ಕಿ, ಹೆಂಗಸು ಎಲ್ಲ ಹೇಳುತ್ತಿದ್ದರು. ಬಂದವರು ನನ್ನ ಕಡೆ ನೋಡಿ ಎಂಥ ಹೆಂಡತಿ ಎನ್ನುತ್ತಿದ್ದರು. ನಾನು ಚಹಾ ಮಾಡುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಹೊಗಳಿಕೆ ಅಷ್ಟು ಚುಚ್ಚಬಲ್ಲದೆಂದು ನನಗೆ ಗೊತ್ತಿರಲಿಲ್ಲ.

ಡಾಕ್ಟರು ಹೇಳಿದ್ದು ಸರಿ ಎಂದರೆ ಒಂಬತ್ತು ಎಲ್ಲಿಂದ ಬಂತು? ನಾನೇ ಎಲ್ಲಾದರೂ ಆ ಚಿತ್ರ ಮೊದಲೇ ನೋಡಿ, ಮಾತಿನ ನಡುವೆ ಅವರಿಗೆ ಹೇಳಿದ್ದೆನೇ? ಆ ಮಸಿಯ ಕೆಳಗಿದ್ದುದನ್ನು ಆಗ ಯಾರೂ ನೋಡಿರಲಿಲ್ಲ. ಬರೀ ಕಾಕತಾಳೀಯ ಎನ್ನೋಣವೆಂದರೆ, ಪರದೆಯ ಮೇಲಿನ ಬೂದನ್ನೂ ಅವರು ಎತ್ತಿಟ್ಟ ಆ ನಾಲ್ಕು ಹೆಜ್ಜೆಯನ್ನೂ ಒಟ್ಟಿಗೆ ನೋಡಿದವಳು ನಾನು. ನಾಲ್ಕು ವರ್ಷದಿಂದ ಯೋಚಿಸುತ್ತಿದ್ದೇನೆ, ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ. ದೇವರು, ದೆವ್ವ, ಪೂರ್ವಜನ್ಮ ಎನ್ನಲು ಈಗಲೂ ನನಗೆ ಬಾಯಿ ಬಾರದು.

ಕಳೆದ ತಿಂಗಳು ಒಂದು ಬೆಳಿಗ್ಗೆ ಚಹಾ ಕುಡಿಯುತ್ತಿದ್ದೆವು. ಅವರು ಕಪ್ಪನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡಿದ್ದರು. ಆಮೇಲೆ, "ಆ ಖೋಲಿ ನನಗ ಮಸಕಾಗ್ಲಿಕತ್ತದ" ಎಂದರು. "ಚುಕ್ಕಿ ನೆನಪದಾವ. ಆ ಹೆಣ್ಣಮಗಳು ಯಾವ ಕಡೆ ಮಾರಿ ಮಾಡಿ ನಿಂತಿದ್ಲು? ಮಾಡಿದಾಕಿ ನೀ, ನೀನ ಹೇಳು."

ಅವರಿಗೆ ಉಳಿದಿದ್ದದ್ದು ಅದೊಂದು ಚಿತ್ರ, ಅದೂ ಅಳಿಯುತ್ತಿತ್ತು. ಜಗತ್ತಿನಲ್ಲಿ ಅದನ್ನು ಮತ್ತೆ ಬರೆದುಕೊಡಬಲ್ಲವಳು ನಾನೊಬ್ಬಳೇ ಎಂದು ಅವರು ನಂಬಿದ್ದರು. ಆ ಗೋಡೆ ಫೋಟೋದಲ್ಲಿಲ್ಲ. ನಾನು ನನ್ನ ವಿದ್ಯೆಯನ್ನೆಲ್ಲ ನೆನಪಿಸಿಕೊಂಡೆ. ಆ ದೇವಾಲಯಗಳಲ್ಲಿ ರಾಜನ ಚಿತ್ರ ಒಳಕ್ಕೆ ಮುಖ ಮಾಡಿರುತ್ತದೆ, ದೇವತೆಯ ಚಿತ್ರ ಹೊರಕ್ಕೆ. "ಬಾಗಲ ಕಡೆ ನೋಡ್ತಿದ್ಲರಿ" ಎಂದೆ.

ಅವರು ಆ ಮಾತನ್ನು ಒಳಗೆಲ್ಲೋ ಇಟ್ಟು ನೋಡಿದರು. ಮುಖದಲ್ಲಿ ಅದು ಕಾಣಿಸಿತು. "ಅಲ್ಲ" ಎಂದರು. ಮರೆತದ್ದು ಬೇರೆಯವರು ತಪ್ಪಾಗಿ ಹೇಳಿದಾಗ ಥಟ್ಟನೆ ನೆನಪಾಗುವುದುಂಟಲ್ಲ, ಹಾಗಾಯಿತೋ, ಅಥವಾ ನನ್ನನ್ನು ಪರೀಕ್ಷಿಸಲೆಂದೇ ಕೇಳಿದ್ದರೋ, ನನಗೆ ತಿಳಿಯಲಿಲ್ಲ. ಚಹಾ ಆರಿತ್ತು. ನಾನು ಬಿಸಿ ಮಾಡಿ ತಂದುಕೊಟ್ಟೆ, ಕುಡಿದರು.

ಮುಂದಿನ ಭಾನುವಾರ ಗಿಲ್‌ರಾಯ್‌ನಿಂದ ಹಳೆಯ ಸ್ನೇಹಿತರೊಬ್ಬರು ಹೆಂಡತಿಯೊಂದಿಗೆ ಬಂದಿದ್ದರು. ಊಟವಾದ ಮೇಲೆ ಮಾತು ಎಂದಿನಂತೆ ಅಲ್ಲಿಗೇ ಬಂತು. ನಾನು ಚಹಾಕ್ಕೆಂದು ಏಳುವವಳಿದ್ದೆ. "ನಾ ಒಂದು ಖೋಲಿ ನೋಡಿದ್ದೆ" ಎಂದು ಅವರು ಶುರು ಮಾಡಿದರು. ಈ ಸಲ ನಮ್ಮಾಕಿ ಮಾಡಿದ್ಲು ಎಂಬ ಮಾತಿರಲಿಲ್ಲ, ನಾನು ಏಳದೆ ಹಾಗೇ ಕುಳಿತೆ. ನೀಲಿ ಹೇಳಿದರು, ಚುಕ್ಕಿ ಹೇಳಿದರು, ಹೆಂಗಸಿನ ವಿಷಯ ಎತ್ತಲಿಲ್ಲ. ಸ್ನೇಹಿತರು ಆಸೆಯಿಂದ, "ಎಲ್ಲಿ ಅದ ಮಾರಾಯ ಆ ಖೋಲಿ? ನಾವೂ ನೋಡೋಣಲ್ಲ" ಎಂದರು.

ನಮ್ಮವರು ನಾನಿದ್ದೇನೆಂದುಕೊಂಡ ಕಡೆಗೆ, ಅಂದರೆ ನನ್ನಿಂದ ಎರಡು ಮೊಳ ಆಚೆಗಿದ್ದ ಕಿಟಕಿಯ ಕಡೆಗೆ ಮುಖ ತಿರುಗಿಸಿ, ಸಿಟ್ಟಿಲ್ಲದೆ ಹೇಳಿದರು: "ಅದು ಆಕಿಗೂ ಗೊತ್ತಿಲ್ಲ, ಪಾಪ."

"ಹೌದ್ರಿ, ನನಗೂ ಗೊತ್ತಿಲ್ಲ" ಎಂದೆ.